ಇಬ್ಬರು ಸೆಂಟರ್‌ಗಳಿಗೆ ಬೆಲೆ ಕಟ್ಟಿದ ಬಗೆ: ಬಳ್ಳಾರಿಯಿಂದ ಒಂದು ಅನುಭವ

ಬಾಸ್ಕೆಟ್‌ಬಾಲ್‌ನಲ್ಲಿ ರಿಂಗಿನ ಹತ್ತಿರ ನಿಂತು ಆಡುವ ಸೆಂಟರ್ ಆಟಗಾರನು ಬೆಂಚಿನಲ್ಲಿ ಕುಳಿತ ನಿಮಿಷಗಳಲ್ಲಿ ತಂಡಕ್ಕೆ ಏನಾಗುತ್ತದೆ ಎಂಬುದನ್ನು ಎಣಿಸಿ ಅವನ ಬೆಲೆ ಕಟ್ಟಬೇಕೆಂದು ನಾನು ಹೇಳತೊಡಗಿದಾಗ, ಬಳ್ಳಾರಿಯ ಹಿರಿಯ ಕೋಚ್‌ಗಳು ಅದನ್ನು ಒಪ್ಪಲಿಲ್ಲ. ಕಳೆದ ಋತುವಿನಲ್ಲಿ ನಮ್ಮ ಕ್ಲಬ್ ಅದೇ ಲೆಕ್ಕದಿಂದ ಆರಿಸಿದ ಹುಡುಗನನ್ನು ನಡುವೆ ನಿಲ್ಲಿಸಿಕೊಂಡು ರಾಯಚೂರು, ಕೊಪ್ಪಳ, ಹೊಸಪೇಟೆಗಳ ತಂಡಗಳನ್ನು ಸೋಲಿಸಿ ಎರಡು ನಗದು ಬಹುಮಾನಗಳನ್ನು ತಂದಿತು. ಈಗ ಅವರೇ ಲೆಕ್ಕದ ಹಾಳೆಯನ್ನು ಕೇಳುತ್ತಿರುವುದರಿಂದ ನಡೆದದ್ದನ್ನು ಬರೆದಿಡುತ್ತಿದ್ದೇನೆ.

ನಮ್ಮ ಮುಂದಿದ್ದವರು ಇಬ್ಬರು. ರಾಯಚೂರಿನ ಹುಡುಗ ಪಂದ್ಯಕ್ಕೆ ಸುಮಾರು 22 ಅಂಕ, 11 ರಿಬೌಂಡ್ (ಗುರಿ ತಪ್ಪಿದ ಶಾಟಿನ ಚೆಂಡನ್ನು ಹಿಡಿಯುವುದು) ಗಳಿಸುತ್ತಿದ್ದ. ಪೋಸ್ಟ್‌ನಲ್ಲಿ, ಅಂದರೆ ರಿಂಗಿನ ಹತ್ತಿರ, ಅವನ ಕೈಗೆ ಚೆಂಡು ಸಿಕ್ಕರೆ ತಡೆಯುವವರಿರಲಿಲ್ಲ. ತೋರಣಗಲ್ಲಿನ ಹುಡುಗ 9 ಅಂಕ, 12 ರಿಬೌಂಡ್‌ಗಳ ಆಸುಪಾಸಿನವನು. ನಮಗೆ ಹಣ ಕೊಡುವವರು ಜೀನ್ಸ್ ಹೊಲಿಗೆ ಘಟಕದ ಮಾಲೀಕರು. ವಸತಿ, ಹಾಲು-ಮೊಟ್ಟೆ, ಬೂಟು, ಬಸ್ ಖರ್ಚು ಸೇರಿ ಒಬ್ಬ ಹೊರಗಿನ ಆಟಗಾರನಿಗೆ ಋತುವಿಗೆ 90 ಸಾವಿರದ ಹತ್ತಿರ ಬೀಳುತ್ತದೆ. ಅವರು ಒಪ್ಪಿದ್ದು ಒಬ್ಬನಿಗೆ ಮಾತ್ರ. “ಮಾಸ್ತರ್, ಇಪ್ಪತ್ತೆರಡು ಪಾಯಿಂಟ್ ಹಾಕೋ ಹುಡುಗನ್ನ ಬಿಟ್ಟು ಒಂಬತ್ತು ಹಾಕೋನಿಗೆ ಯಾಕ್ರೀ ರೊಕ್ಕ ಸುರೀಬೇಕು?” ಎಂದು ಅವರು ಕೇಳಿದ್ದು ನ್ಯಾಯವಾಗಿಯೇ ಇತ್ತು. ಉತ್ತರ ಕೊಡಲು ನನ್ನ ಬಳಿ ಕಣ್ಣಂದಾಜಿನ ಹೊರತು ಏನೂ ಇರಲಿಲ್ಲ.

ಪಂದ್ಯದ ಸ್ಕೋರ್ ಶೀಟಿನಿಂದ ಈ ಕೆಲಸ ಆಗುವುದಿಲ್ಲ. ಅದರಲ್ಲಿ ಅಂಕ, ಫೌಲ್, ಟೈಮ್‌ಔಟ್ ಇರುತ್ತವೆಯೇ ಹೊರತು ಯಾರು ಯಾವ ನಿಮಿಷದಲ್ಲಿ ಹೊರಬಂದರು ಎಂಬುದು ಇರುವುದಿಲ್ಲ. ಮೊದಲು ಇಬ್ಬರು ಕಾಲೇಜು ವಿದ್ಯಾರ್ಥಿಗಳಿಗೆ ದಿನಕ್ಕೆ 300 ರೂಪಾಯಿ ಮತ್ತು ತಿಂಡಿ ಕೊಟ್ಟು, ಒಬ್ಬನು ಹೇಳುವುದು ಇನ್ನೊಬ್ಬನು ಬರೆಯುವುದು ಎಂದು ಕೂರಿಸಿದೆ. ಫಾಸ್ಟ್ ಬ್ರೇಕ್ (ಚೆಂಡು ಸಿಕ್ಕ ಕೂಡಲೇ ಓಡುತ್ತ ನಡೆಸುವ ದಾಳಿ) ಸತತವಾಗಿ ಎರಡು ಸಲ ಬಂದರೆ ಸಾಕು, ಬರವಣಿಗೆ ಹಿಂದೆ ಬೀಳುತ್ತಿತ್ತು. ಬದಲಾವಣೆ ಆದದ್ದು ಗೊತ್ತಾಗುವಷ್ಟರಲ್ಲಿ ಇನ್ನೊಂದು ಬದಲಾವಣೆ ಆಗಿರುತ್ತಿತ್ತು. ಆ ಪುಸ್ತಕಗಳಲ್ಲಿ ಒಂದು ಪುಟವೂ ಕೊನೆಯ ಸ್ಕೋರಿಗೆ ತಾಳೆಯಾಗಲಿಲ್ಲ. ಅನಂತರ ವಿಡಿಯೋ ಹಿಡಿಯತೊಡಗಿದೆವು. ಏಪ್ರಿಲ್ ತಿಂಗಳ ಬಳ್ಳಾರಿಯ ಸಿಮೆಂಟ್ ಅಂಕಣದಲ್ಲಿ ಸಂಜೆ ನಾಲ್ಕಕ್ಕೆ ಇಟ್ಟ ಫೋನ್ ಎರಡನೆಯ ಕ್ವಾರ್ಟರ್ ಮುಗಿಯುವ ಮೊದಲೇ ಕಾದು ತಾನಾಗಿ ಬಂದಾಗುತ್ತಿತ್ತು. ಕೊನೆಗೆ ಏಳು ಸಾವಿರಕ್ಕೆ ಹಳೆಯ ಫೋನ್ ಒಂದನ್ನು ಕೊಂಡು, ಮಹಡಿಯ ಕಂಬಿಗೆ ನೆರಳಿನ ಬದಿಯಲ್ಲಿ ಕ್ಲಾಂಪ್ ಹಾಕಿ ನಿಲ್ಲಿಸಿ, ಪವರ್ ಬ್ಯಾಂಕ್ ಜೋಡಿಸಿದ ಮೇಲೆ ಇಡೀ ಪಂದ್ಯ ಸಿಗತೊಡಗಿತು. ರಾತ್ರಿ ಕುಳಿತು ಒಂದೊಂದು ಪೊಸೆಷನ್‌ಗೂ, ಅಂದರೆ ಒಂದು ತಂಡದ ಕೈಯಲ್ಲಿ ಚೆಂಡಿರುವ ಒಂದೊಂದು ಸರದಿಗೂ, ಒಂದು ಸಾಲು ತುಂಬುತ್ತಿದ್ದೆ: ಅಂಕಣದಲ್ಲಿರುವ ಐವರು, ಬಂದ ಅಂಕ, ಶಾಟ್ ಹೊಡೆದ ಜಾಗ. 40 ನಿಮಿಷದ ಪಂದ್ಯಕ್ಕೆ ಮೂರು ತಾಸು ಹಿಡಿಯುತ್ತಿತ್ತು.

ಇಲ್ಲಿಯವರೆಗಿನದು ಬರೀ ಶ್ರಮ. ನಿಜವಾದ ತೊಡಕು ಬೇರೆಯಾಗಿತ್ತು: ರಾಯಚೂರಿನವನನ್ನು ಅವನ ತಂಡದವರು ಬೆಂಚಿಗೆ ಕಳಿಸುತ್ತಲೇ ಇರಲಿಲ್ಲ. ಅವನಿಲ್ಲದ ನಿಮಿಷಗಳೇ ಇಲ್ಲದಿದ್ದರೆ ಹೋಲಿಕೆ ಯಾವುದರೊಡನೆ? ಇದೇ ತೊಡಕು ಅಮೆರಿಕದ ಹೆಸರಾಂತ ಸೆಂಟರ್ ವಿಲ್ಟ್ ಚೇಂಬರ್ಲೇನ್ ವಿಷಯದಲ್ಲಿಯೂ ಇದೆ. ಅಲ್ಲಿನ ವೃತ್ತಿಪರ ಲೀಗ್ ಎನ್‌ಬಿಎಯ 1961-62ರ ಋತುವಿನಲ್ಲಿ ಅವರು ಪಂದ್ಯಕ್ಕೆ ಸರಾಸರಿ 50.4 ಅಂಕ, 25.7 ರಿಬೌಂಡ್ ಗಳಿಸಿದರು. 48 ನಿಮಿಷದ ಆಟದಲ್ಲಿ, ಹೆಚ್ಚುವರಿ ಅವಧಿಗಳೂ ಸೇರಿ, ಸರಾಸರಿ 48.5 ನಿಮಿಷ ಆಡಿದರು. ಇಡೀ ಋತುವಿನಲ್ಲಿ ಅವರು ಹೊರಗಿದ್ದದ್ದು ಕೇವಲ ಎಂಟು ನಿಮಿಷ. ಆದರೂ ಆ ವರ್ಷದ ಶ್ರೇಷ್ಠ ಆಟಗಾರ ಪ್ರಶಸ್ತಿ ಹೋದದ್ದು ಸರಾಸರಿ 18.9 ಅಂಕಗಳ, ಬಾಸ್ಟನ್ ಸೆಲ್ಟಿಕ್ಸ್ ತಂಡದ ಸೆಂಟರ್ ಬಿಲ್ ರಸೆಲ್ ಅವರಿಗೆ. ಅಂಕದ ಪಟ್ಟಿಯನ್ನು ಮಾತ್ರ ನೋಡುವವರಿಗೆ ಇದು ಇಂದಿಗೂ ಅನ್ಯಾಯವಾಗಿ ಕಾಣುತ್ತದೆ. ಆಗ ಬ್ಲಾಕ್‌ಗಳನ್ನು, ಅಂದರೆ ಕೈಯಿಂದ ತಡೆದ ಶಾಟ್‌ಗಳನ್ನು, ಅಧಿಕೃತವಾಗಿ ಎಣಿಸುತ್ತಲೇ ಇರಲಿಲ್ಲ. ಆ ಎಣಿಕೆ ಶುರುವಾದದ್ದು 1973-74ರಲ್ಲಿ, ಇಬ್ಬರೂ ಆಟ ಬಿಟ್ಟ ಮೇಲೆ.

ಋತುವಿನ ಒಳಗೆ ಲೆಕ್ಕ ಸಿಗದ ಕಾರಣ ಈ ಇಬ್ಬರು ತಂಡಕ್ಕೆ ಬಂದ ಮತ್ತು ತಂಡವನ್ನು ಬಿಟ್ಟ ವರ್ಷಗಳನ್ನು ಹಿಡಿದು ನೋಡಿದೆ. ಚೇಂಬರ್ಲೇನ್ ಸೇರಿದಾಗ ಫಿಲಡೆಲ್ಫಿಯಾ ವಾರಿಯರ್ಸ್ ತಂಡ 32 ಗೆಲುವಿನಿಂದ 49ಕ್ಕೆ ಏರಿತು. ಇದು ಸಣ್ಣ ಮಾತಲ್ಲ. ಆದರೆ 1968ರಲ್ಲಿ ಅವರು ಸೆವೆಂಟಿಸಿಕ್ಸರ್ಸ್ ತಂಡದಿಂದ ಲೇಕರ್ಸ್‌ಗೆ ಹೋದಾಗ ಬಿಟ್ಟ ತಂಡ 62ರಿಂದ 55ಕ್ಕೆ ಇಳಿಯಿತು, ಸೇರಿದ ತಂಡ 52ರಿಂದ 55ಕ್ಕೆ ಮಾತ್ರ ಏರಿತು. ರಸೆಲ್ 13 ಋತುಗಳಲ್ಲಿ 11 ಲೀಗ್ ಪ್ರಶಸ್ತಿ ಗೆದ್ದು 1969ರಲ್ಲಿ ನಿವೃತ್ತರಾದಾಗ ಸೆಲ್ಟಿಕ್ಸ್ 48 ಗೆಲುವಿನಿಂದ 34ಕ್ಕೆ ಕುಸಿದು, ಋತುವಿನ ಕೊನೆಯ ಪ್ರಶಸ್ತಿ ಸುತ್ತಾದ ಪ್ಲೇಆಫ್‌ಗೂ ಬರಲಿಲ್ಲ. ಆ ವರ್ಷವೇ ಅವರ ತಂಡದ ಗಾರ್ಡ್ ಸ್ಯಾಮ್ ಜೋನ್ಸ್ ಕೂಡ ನಿವೃತ್ತರಾದರು; ಹಾಗಾಗಿ 14 ಗೆಲುವುಗಳ ಇಳಿತವನ್ನು ಪೂರ್ತಿಯಾಗಿ ರಸೆಲ್ ಲೆಕ್ಕಕ್ಕೆ ಬರೆಯಲಾಗದು. ನನ್ನ ವಿಧಾನದ ಬೆನ್ನೆಲುಬು ಸಿಕ್ಕಿದ್ದು ಇಲ್ಲಿಯೇ. ಉಳಿದ ನಾಲ್ವರು ಅವರೇ ಆಗಿರುವಾಗ, ಸೆಂಟರ್ ಮಾತ್ರ ಬದಲಾದ ನಿಮಿಷಗಳನ್ನು ಹುಡುಕಬೇಕಿತ್ತು.

ಆ ನಿಮಿಷಗಳನ್ನು ಕಾಯುತ್ತ ಕುಳಿತರೆ ಆಗುವುದಿಲ್ಲವೆಂದು ದುಡ್ಡು ಕೊಟ್ಟೇ ಪಡೆದೆ. ರಾಯಚೂರು ತಂಡವನ್ನು ಬಳ್ಳಾರಿಗೆ ಕರೆಸಿ ಸ್ನೇಹಪಂದ್ಯಗಳನ್ನು ಏರ್ಪಡಿಸಿದೆ. ಎರಡನೆಯ ಮತ್ತು ನಾಲ್ಕನೆಯ ಕ್ವಾರ್ಟರಿನ ಮೊದಲರ್ಧದಲ್ಲಿ ಅವನನ್ನು ಕೂರಿಸಿ, ಉಳಿದ ನಾಲ್ವರನ್ನು ಮುಟ್ಟಬಾರದು ಎಂಬುದು ಒಂದೇ ಷರತ್ತು. ವಾಹನ, ಊಟ ಸೇರಿ ಒಂದು ಸಲಕ್ಕೆ ಎಂಟು ಸಾವಿರದಷ್ಟು ಆಗುತ್ತಿತ್ತು. ತೋರಣಗಲ್ಲಿನವನ ಕೋಚ್ ಅವನಿಗೆ ಸಹಜವಾಗಿಯೇ ವಿಶ್ರಾಂತಿ ಕೊಡುತ್ತಿದ್ದರಿಂದ ಅಲ್ಲಿ ಖರ್ಚು ಬೀಳಲಿಲ್ಲ. ಒಟ್ಟಾರೆ ಈ ಎಣಿಕೆಗೆ ನನ್ನ ಜೇಬಿನಿಂದ ಮೂವತ್ತು ಸಾವಿರ ಹೋಗಿರಬೇಕು, ಮನೆಯಲ್ಲಿ ಇದಕ್ಕೆ ಸಮಾಧಾನವಿರಲಿಲ್ಲ.

ಬಂದ ಅಂಕಿಗಳನ್ನು ನೆನಪಿನಿಂದ ಕೊಡುತ್ತೇನೆ, ಎಲ್ಲವೂ 100 ಪೊಸೆಷನ್‌ಗಳಿಗೆ. ರಾಯಚೂರಿನವನು ಆಡುವಾಗ ಅವನ ತಂಡ 88 ಗಳಿಸಿ 86 ಬಿಟ್ಟುಕೊಡುತ್ತಿತ್ತು. ಅವನು ಕುಳಿತಾಗ 84 ಗಳಿಸಿ 85 ಬಿಟ್ಟುಕೊಡುತ್ತಿತ್ತು. ವ್ಯತ್ಯಾಸ ಮೂರು ಅಂಕ. ತೋರಣಗಲ್ಲಿನವನು ಇದ್ದಾಗ ಗಳಿಕೆ 79, ಬಿಟ್ಟುಕೊಟ್ಟದ್ದು 70ರ ಒಳಗೆ. ಅವನು ಹೊರಬಂದ ಕೂಡಲೇ ಗಳಿಕೆ ಹೆಚ್ಚುಕಡಿಮೆ ಅಷ್ಟೇ ಉಳಿದು, ಎದುರಾಳಿ 82ರವರೆಗೆ ಏರುತ್ತಿದ್ದ. ವ್ಯತ್ಯಾಸ ಹನ್ನೆರಡರ ಮೇಲೆ. ಅಂತರ 18 ದಾಟಿದ ಪಂದ್ಯಗಳ ಕೊನೆಯ ಐದು ನಿಮಿಷಗಳನ್ನು ನಾನು ಸೇರಿಸಿಲ್ಲ, ಏಕೆಂದರೆ ಆಗ ಎರಡೂ ಕಡೆಯವರು ಆಡುವುದು ಬೇರೆಯೇ ಆಟ. ರಾಯಚೂರಿನವನ 22 ಅಂಕಗಳಲ್ಲಿ ಬಹುಪಾಲು, ಅವನು ಇಲ್ಲದಾಗ ಗಾರ್ಡ್‌ಗಳು (ರಿಂಗಿನಿಂದ ದೂರ ನಿಂತು ಚೆಂಡು ನಡೆಸುವವರು) ಹಾಕುತ್ತಿದ್ದ ಅಂಕಗಳೇ ಆಗಿದ್ದವು. ತೋರಣಗಲ್ಲಿನವನು ತಡೆಯುತ್ತಿದ್ದದ್ದನ್ನು ಅವನ ಬದಲಿಗೆ ಬಂದವರು ಯಾರೂ ತಡೆಯಲಿಲ್ಲ.

ಇದರ ಜೊತೆಗೆ ಎದುರಾಳಿಗಳು ಎಲ್ಲಿಂದ ಹೊಡೆಯುತ್ತಾರೆ ಎಂಬುದನ್ನೂ ನೋಡಬೇಕೆನಿಸಿತು. ರಿಂಗಿನ ಸುತ್ತ ಸುಣ್ಣದ ಕಮಾನು ಎಳೆದರೆ ಬೂಟಿನ ಧೂಳಿಗೆ ಹತ್ತು ನಿಮಿಷದಲ್ಲಿ ಅಳಿಸಿಹೋಗುತ್ತಿತ್ತು. ಬಣ್ಣ ಬಳಿಯಲು ಮೈದಾನದ ಉಸ್ತುವಾರಿಯವರು ಬಿಡಲಿಲ್ಲ. ರಿಂಗಿನ ಮುಂದಿನ ಚೌಕಟ್ಟಿನ ಜಾಗಕ್ಕೆ ‘ಪೇಂಟ್’ ಎನ್ನುತ್ತಾರೆ; ಅದರ ಇದ್ದ ಗೆರೆಗಳನ್ನೇ ಗಡಿಯಾಗಿ ಹಿಡಿದೆ. ತೋರಣಗಲ್ಲಿನವನು ಇಲ್ಲದಾಗ ಎದುರಾಳಿಯ ಅರ್ಧದಷ್ಟು ಶಾಟ್‌ಗಳು ಪೇಂಟಿನೊಳಗಿಂದ ಬರುತ್ತಿದ್ದವು, ಅವನಿದ್ದಾಗ ಮೂರನೇ ಒಂದು ಭಾಗ. ಅವನ ಬ್ಲಾಕ್‌ಗಳು ಪಂದ್ಯಕ್ಕೆ ಎರಡೋ ಮೂರೋ ಅಷ್ಟೇ. ಒಳಗೆ ನುಗ್ಗಿ ಅವನನ್ನು ಕಂಡು ಚೆಂಡನ್ನು ಹೊರಗೆ ಎಸೆದ ಡ್ರೈವ್‌ಗಳು ಅದರ ನಾಲ್ಕೈದು ಪಟ್ಟು. ಹೀಗೆ ಹಿಂದಿರುಗಿದ ಡ್ರೈವ್‌ಗೆ ಎಷ್ಟು ಅಂಕದ ತೂಕ ಕೊಡುತ್ತೇನೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಮುಂದಿನ ಋತು ಹತ್ತಿರದಲ್ಲಿದೆ, ಹೊಸಪೇಟೆಯವರೂ ಇದನ್ನು ಓದುತ್ತಾರೆ.

ಮಾಲೀಕರ ಮುಂದೆ ಹಾಳೆ ಹರಡಿದಾಗ ನಮ್ಮ ಹಿರಿಯ ಕೋಚ್ ಒಬ್ಬರು, ದೊಡ್ಡ ಸೆಂಟರ್ ಅಂಕ ಹಾಕದೆ ಕಪ್ ಬಂದದ್ದುಂಟೇ ಎಂದರು. ಚೇಂಬರ್ಲೇನ್ ಕಪ್ ಗೆದ್ದ ಎರಡು ಋತುಗಳನ್ನೇ ನಾನು ತೋರಿಸಿದೆ. 1966-67ರಲ್ಲಿ ಕೋಚ್ ಅಲೆಕ್ಸ್ ಹ್ಯಾನಮ್ ಅವರ ಕೈಕೆಳಗೆ ಕಡಿಮೆ ಶಾಟ್ ಹೊಡೆದು ಸರಾಸರಿ 24.1 ಅಂಕ, 7.8 ಅಸಿಸ್ಟ್ (ಜೊತೆಗಾರನ ಅಂಕಕ್ಕೆ ದಾರಿಯಾದ ಪಾಸ್) ಗಳಿಸಿದಾಗ ಸೆವೆಂಟಿಸಿಕ್ಸರ್ಸ್ ತಂಡ 68 ಗೆದ್ದು 13 ಸೋತಿತು. 1971-72ರಲ್ಲಿ ಸರಾಸರಿ 14.8 ಅಂಕ, 19.2 ರಿಬೌಂಡ್‌ಗಳಿದ್ದಾಗ ಲೇಕರ್ಸ್ ಸತತ 33 ಪಂದ್ಯ ಗೆದ್ದು, 69 ಗೆಲುವು, 13 ಸೋಲುಗಳೊಂದಿಗೆ ಋತುವನ್ನು ಮುಗಿಸಿತು. ಕೋಚ್ ಒಪ್ಪಲಿಲ್ಲ, ಮಾಲೀಕರು ಒಪ್ಪಿದರು.

ತೋರಣಗಲ್ಲಿನವನು ಬಂದ ಮೇಲೆ ನಮ್ಮ ತಂಡ 100 ಪೊಸೆಷನ್‌ಗಳಿಗೆ ಬಿಟ್ಟುಕೊಡುವ ಅಂಕ ಹತ್ತರಷ್ಟು ಇಳಿಯಿತು; ಹಾಳೆಯಲ್ಲಿ ನಾನು ಹನ್ನೆರಡು ಎಂದು ಬರೆದಿದ್ದೆ. ಬಹುಮಾನದ ಹಣ 80 ಸಾವಿರದ ಹತ್ತಿರ ಬಂದು, ಅವನ ಮೇಲಿನ ಖರ್ಚು ಬಹುತೇಕ ಮರಳಿತು. ರಾಯಚೂರಿನವರ ಎದುರಿನ ಪಂದ್ಯದಲ್ಲಿ ಅವರ ಸೆಂಟರ್ 27 ಅಂಕ ಹಾಕಿದ, ನಾವು ಹದಿಮೂರರಿಂದ ಗೆದ್ದೆವು.

ಈ ವರ್ಷ ಮಾಲೀಕರು ಇಬ್ಬರಿಗೂ ಹಣ ಕೊಡಲು ಒಪ್ಪಿದ್ದಾರೆ. ಇಬ್ಬರೂ ಒಟ್ಟಿಗೆ ಆಡಿದರೆ ಪೇಂಟಿನಲ್ಲಿ ಜಾಗ ಸಾಲುವುದಿಲ್ಲವೆಂಬ ಅನುಮಾನ ನನಗಿದೆ, ಆದ್ದರಿಂದ ಹಾಳೆಯಲ್ಲಿ ಮೂರು ಕಾಲಂಗಳನ್ನು ಎಳೆದಿದ್ದೇನೆ: ಒಬ್ಬನೇ ಇದ್ದಾಗ, ಇನ್ನೊಬ್ಬನೇ ಇದ್ದಾಗ, ಇಬ್ಬರೂ ಇದ್ದಾಗ. ಮೂರನೆಯದರಲ್ಲಿ ಕನಿಷ್ಠ 300 ಪೊಸೆಷನ್‌ಗಳು ತುಂಬುವವರೆಗೆ ಯಾರ ಜಾಗವನ್ನೂ ನಿಗದಿ ಮಾಡುವುದಿಲ್ಲವೆಂದು ಇಬ್ಬರಿಗೂ ಹೇಳಿದ್ದೇನೆ.