ಬೆಂಗಳೂರಿನಲ್ಲಿ ಮನೆ ಮಾಡುವ ಹಾಸನದವರಿಗೆ: ಖರ್ಚು ಕೈಮೀರದಂತೆ ಬಾಳುವ ಬಗೆ

ಬೆಂಗಳೂರಿನಲ್ಲಿ ಕೆಲಸ ಸಿಕ್ಕಿತೆಂದು ತಿಳಿದ ಕೂಡಲೇ ನಮ್ಮ ಹಾಸನದ ಕಡೆಯ ಮನೆಗಳಲ್ಲಿ ಮೊದಲು ಏಳುವುದು ಸಂಬಳದ ಮಾತು. ಆರು ತಿಂಗಳು ಕಳೆದ ಮೇಲೆ ಅದೇ ಮನೆಯಲ್ಲಿ ಕೇಳಿಬರುವುದು, ಎಷ್ಟು ಬಂದರೂ ಕೈಯಲ್ಲಿ ನಿಲ್ಲುತ್ತಿಲ್ಲವೆಂಬ ಮಾತು. ಹನ್ನೆರಡು ವರ್ಷ ಬೆಂಗಳೂರಿನಲ್ಲಿದ್ದು, ಮೂರು ಮನೆ ಬದಲಿಸಿ, ಈಗ ಹಾಸನಕ್ಕೆ ಮರಳಿರುವ ನನಗೆ ಅನುಭವದಿಂದ ತಿಳಿದದ್ದು ಇಷ್ಟು: ಅಲ್ಲಿನ ಖರ್ಚಿನ ಬಹುಪಾಲು ನಾವು ಮನೆ ಹಿಡಿಯುವ ದಿನವೇ ನಿಶ್ಚಯವಾಗಿಬಿಡುತ್ತದೆ. ಆಮೇಲೆ ಸೊಪ್ಪಿನ ಕಟ್ಟಿಗೆ ಎರಡು ರೂಪಾಯಿ ಚೌಕಾಶಿ ಮಾಡಿದರೂ ಅದು ತುಂಬಿಬರುವುದಿಲ್ಲ. ಆದ್ದರಿಂದ ಮನೆಯ ವಿಷಯವನ್ನೇ ಇಲ್ಲಿ ಹೆಚ್ಚು ವಿವರವಾಗಿ ಬರೆಯುತ್ತಿದ್ದೇನೆ.

ಮೊದಲನೆಯದಾಗಿ, ಬೆಂಗಳೂರಿಗೆ ಹೋದ ಮೊದಲ ವಾರವೇ ಮನೆ ಹಿಡಿಯಬೇಡಿ. ಒಂದು ತಿಂಗಳು ಕೆಲಸದ ಜಾಗಕ್ಕೆ ಹತ್ತಿರವಿರುವ ಪಿಜಿಯಲ್ಲೋ ನೆಂಟರ ಮನೆಯಲ್ಲೋ ಇದ್ದು, ಬೆಳಿಗ್ಗೆ ಎಂಟೂವರೆಗೆ ಮತ್ತು ಸಂಜೆ ಆರೂವರೆಗೆ ರಸ್ತೆಗಳು ಹೇಗಿರುತ್ತವೆಂಬುದನ್ನು ನೀವೇ ಓಡಾಡಿ ನೋಡಿ. ನೆಂಟರ ಮನೆಯಾದರೆ ಎಷ್ಟು ದಿನ ಇರುತ್ತೀರೆಂದು ಮೊದಲೇ ಹೇಳಿಬಿಡಿ. ಹಾಲು, ತರಕಾರಿ, ಗ್ಯಾಸಿನ ಖರ್ಚಿನಲ್ಲಿ ಅವರು ಬೇಡವೆಂದರೂ ನಿಮ್ಮ ಪಾಲು ಹಾಕಿ.

ಹಾಸನದ ಬಸ್ಸು ನೆಲಮಂಗಲ ದಾಟಿ ತುಮಕೂರು ರಸ್ತೆಯಲ್ಲೇ ನಗರದೊಳಗೆ ಬರುವುದರಿಂದ ನಮ್ಮವರು ದಾಸರಹಳ್ಳಿ, ಬಾಗಲಗುಂಟೆ, ಪೀಣ್ಯಗಳ ಸುತ್ತ ಮನೆ ಹುಡುಕುವುದು ವಾಡಿಕೆ. ಊರವರು ಸಿಗುತ್ತಾರೆ, ಹಬ್ಬಕ್ಕೆ ಹೊರಡಲು ಬಸ್ಸು ಬಾಗಿಲಲ್ಲೇ ಸಿಗುತ್ತದೆ ಎಂಬ ಲೆಕ್ಕ ಅದು. ಕೆಲಸ ಪೀಣ್ಯದ ಕಾರ್ಖಾನೆಯಲ್ಲಿದ್ದರೆ ಇದು ಸರಿಯಾದ ಲೆಕ್ಕವೇ. ಆದರೆ ಕೆಲಸ ವೈಟ್‌ಫೀಲ್ಡಿನಲ್ಲೋ ಎಲೆಕ್ಟ್ರಾನಿಕ್ ಸಿಟಿಯಲ್ಲೋ ಇದ್ದರೆ, ತಿಂಗಳಿಗೊಮ್ಮೆ ಹಿಡಿಯುವ ಊರಿನ ಬಸ್ಸಿಗಾಗಿ ದಿನಕ್ಕೆರಡು ಬಾರಿ ನಗರವನ್ನು ಉದ್ದಕ್ಕೆ ಅಳೆಯಬೇಕಾಗುತ್ತದೆ. ಹಸಿರು ಮಾರ್ಗದ ಮೆಟ್ರೊ 2024ರ ನವೆಂಬರಿನಿಂದ ಮಾದಾವರದವರೆಗೆ ಬಂದಿದೆ, 2025ರ ಆಗಸ್ಟಿನಿಂದ ಹಳದಿ ಮಾರ್ಗ ಬೊಮ್ಮಸಂದ್ರದವರೆಗೆ ಓಡುತ್ತಿದೆ. ಹಾಗಾಗಿ ಕೆಲಸದ ಜಾಗ ಮೆಟ್ರೊ ನಿಲ್ದಾಣಕ್ಕೆ ಹತ್ತಿರವಿದ್ದರೆ, ಅದೇ ಮಾರ್ಗದ ಇನ್ನೊಂದು ನಿಲ್ದಾಣದಿಂದ ಕಾಲ್ನಡಿಗೆಯ ದೂರದಲ್ಲಿ ಮನೆ ನೋಡುವುದು ಜಾಣತನ. ನಿಲ್ದಾಣದಿಂದ ಮನೆಗೆ ಆಟೊ ಬೇಕಾಗುವಂತಿದ್ದರೆ ಮೆಟ್ರೊ ಇದ್ದೂ ಪ್ರಯೋಜನವಿಲ್ಲ.

ಈ ತಪ್ಪನ್ನು ನಾನೇ ಮಾಡಿದ್ದೇನೆ. ಕೆಲಸದ ಜಾಗದ ಹತ್ತಿರ 11,500 ರೂಪಾಯಿ ಬಾಡಿಗೆಯ ಮನೆ ಇದ್ದರೂ, ಮುಖ್ಯರಸ್ತೆಯಿಂದ ಎರಡು ಕಿಲೋಮೀಟರ್ ಒಳಗಿದ್ದ ಬಡಾವಣೆಯೊಂದರಲ್ಲಿ 9,000ಕ್ಕೆ ಸಿಕ್ಕಿತೆಂದು ಹೋದೆ. ತಿಂಗಳಿಗೆ 2,500 ಉಳಿಯಿತೆಂದು ಹಿಗ್ಗಿದ್ದೆ. ಕೊನೆಯ ಬಸ್ಸಿನಿಂದ ಮನೆಗೆ ಆಟೊಗೆ ದಿನಕ್ಕೆ 40ರಂತೆ 25 ದಿನಕ್ಕೆ 1,000 ಆಯಿತು. ನೀರಿನ ಟ್ಯಾಂಕರಿನಲ್ಲಿ ನಮ್ಮ ಪಾಲು 800. ಒಂಬತ್ತು ಗಂಟೆಗೆ ದಣಿದು ಬಂದು ಒಲೆ ಹಚ್ಚಲಾರದೆ ಹೊರಗೆ ಉಂಡ ಹನ್ನೆರಡು ರಾತ್ರಿಗಳಿಗೆ ತಲಾ 90ರಂತೆ 1,080. ಒಟ್ಟು 2,880. ಉಳಿಸಿದ್ದಕ್ಕಿಂತ 380 ರೂಪಾಯಿ ಹೆಚ್ಚೇ ಹೋಯಿತು, ದಿನದ ಮೂರು ಗಂಟೆಯ ಹೊತ್ತು ಬೇರೆ. ಮನೆ ನೋಡುವಾಗ ಬಾಡಿಗೆಯೊಂದನ್ನೇ ಕೇಳದೆ, ಆ ಮನೆಯಲ್ಲಿದ್ದರೆ ಓಡಾಟಕ್ಕೆ, ನೀರಿಗೆ, ಊಟಕ್ಕೆ ತಿಂಗಳಿಗೆ ಏನಾಗುತ್ತದೆಂದು ಹೀಗೆ ಒಂದು ಚೀಟಿಯಲ್ಲಿ ಬರೆದು ಕೂಡಿಸಿ.

ನೀರಿನ ವಿಷಯವನ್ನು ಮಾಲೀಕರ ಮುಂದೆ ಸಂಕೋಚಪಡದೆ ಕೇಳಬೇಕು. ಹೇಮಾವತಿ ಕೃಷ್ಣರಾಜಸಾಗರದಲ್ಲಿ ಕಾವೇರಿಯನ್ನು ಸೇರುತ್ತಾಳೆ, ಆ ಕಾವೇರಿಯ ನೀರು ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ ಬೆಂಗಳೂರಿಗೆ ಏರಿ ಬರುತ್ತದೆ. ಗೊರೂರಿನ ಅಣೆಕಟ್ಟು ನೋಡಿ ಬೆಳೆದ ನನಗೆ ಅಲ್ಲಿನ ನಲ್ಲಿ ತಿರುಗಿಸುವಾಗ ಇದು ಎಷ್ಟೋ ಸಲ ನೆನಪಾಗುತ್ತಿತ್ತು. ಆದರೆ ಆ ನೀರು ಎಲ್ಲ ಮನೆಗಳಿಗೂ ಸಿಗುವುದಿಲ್ಲ. 2007ರಲ್ಲಿ ನಗರಕ್ಕೆ ಸೇರಿದ 110 ಹಳ್ಳಿಗಳ ಸಲುವಾಗಿ ಕಾವೇರಿ ಐದನೆಯ ಹಂತ ಕಾರ್ಯಾರಂಭ ಮಾಡಿದ್ದು 2024ರ ಅಕ್ಟೋಬರಿನಲ್ಲಿ. ಅದೇ ವರ್ಷದ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿ, ಜನ ಟ್ಯಾಂಕರಿಗಾಗಿ ಕಾದದ್ದನ್ನು ಎಲ್ಲರೂ ಕಂಡಿದ್ದಾರೆ. ಬೀದಿಯಲ್ಲಿ ಕೊಳವೆ ಇದೆಯೆಂದ ಮಾತ್ರಕ್ಕೆ ಮನೆಗೆ ಸಂಪರ್ಕವಿದೆಯೆಂದು ಭಾವಿಸಬೇಡಿ. ಕಾವೇರಿ ನೀರು ವಾರಕ್ಕೆ ಎಷ್ಟು ದಿನ ಬರುತ್ತದೆ, ಸಂಪು ಎಷ್ಟು ದೊಡ್ಡದು, ಕಳೆದ ಏಪ್ರಿಲ್‌ನಲ್ಲಿ ಎಷ್ಟು ಟ್ಯಾಂಕರ್ ಹಾಕಿಸಿದರು, ಅದರ ಹಣ ಯಾರು ಕೊಟ್ಟರು ಎಂಬ ನಾಲ್ಕು ಪ್ರಶ್ನೆಗಳನ್ನು ಮಾಲೀಕರಿಗಿಂತ ಮೊದಲು ಮೇಲಿನ ಮನೆಯ ಬಾಡಿಗೆದಾರರನ್ನು ಕೇಳಿ.

ವಿದ್ಯುತ್ ಮೀಟರ್ ನಿಮ್ಮ ಮನೆಗೇ ಪ್ರತ್ಯೇಕವಾಗಿದೆಯೇ ಎಂಬುದನ್ನೂ ನೋಡಿಕೊಳ್ಳಿ. ಗೃಹಜ್ಯೋತಿ ಯೋಜನೆ ಬಾಡಿಗೆದಾರರಿಗೂ ಅನ್ವಯಿಸುತ್ತದೆ, ಆದರೆ ಎರಡು ಮೂರು ಮನೆಗೆ ಒಂದೇ ಮೀಟರ್ ಇದ್ದು ಮಾಲೀಕರು ಯೂನಿಟ್ ಲೆಕ್ಕದಲ್ಲಿ ಹಣ ಪಡೆಯುವ ಕಡೆ ಆ ಪ್ರಯೋಜನ ಕೈಗೆ ಸಿಗುವುದಿಲ್ಲ. ತಿಂಗಳ ಬಳಕೆ 200 ಯೂನಿಟ್ ಮೀರಿದರೆ ಪೂರ್ತಿ ಬಿಲ್ಲು ಕಟ್ಟಬೇಕೆಂಬುದು ನೆನಪಿರಲಿ.

ಮುಂಗಡವನ್ನು ಹಿಂದೆ ಹತ್ತು ತಿಂಗಳ ಬಾಡಿಗೆಯಷ್ಟು ಕೇಳುವುದು ಬೆಂಗಳೂರಿನ ರೂಢಿಯಾಗಿತ್ತು. ಈಗಲೂ ಹಾಗೆ ಕೇಳುವವರಿದ್ದಾರೆ, ಮಾತನಾಡಿದರೆ ಇಳಿಸುವವರೂ ಇದ್ದಾರೆ. ಈ ಹಣಕ್ಕಾಗಿ ಊರಿನಲ್ಲಿ ಬಡ್ಡಿ ಸಾಲ ಮಾಡಬೇಡಿ, ಅಷ್ಟು ಕೂಡುವವರೆಗೆ ಗೆಳೆಯರೊಡನೆ ಮನೆ ಹಂಚಿಕೊಳ್ಳುವುದೇ ಲೇಸು. ಕರಾರುಪತ್ರ ಸಾಮಾನ್ಯವಾಗಿ 11 ತಿಂಗಳಿಗಿರುತ್ತದೆ. ಮನೆ ಬಿಡುವಾಗ ಬಣ್ಣಕ್ಕೆಂದು ಎಷ್ಟು ಮುರಿದುಕೊಳ್ಳುತ್ತಾರೆಂಬುದನ್ನು ಅದರಲ್ಲೇ ಬರೆಸಿ. ನನ್ನ ಎರಡನೆಯ ಮನೆಯಲ್ಲಿ ಇದನ್ನು ಬಾಯಿಮಾತಿಗೆ ಬಿಟ್ಟಿದ್ದರಿಂದ ಒಂದೂವರೆ ತಿಂಗಳ ಬಾಡಿಗೆ ಹೋಯಿತು. ಒಮ್ಮೆಗೇ ಲಕ್ಷಗಟ್ಟಲೆ ಹಣ ಕೊಟ್ಟು ಹಿಡಿಯುವ, ಬಾಡಿಗೆಯೇ ಇಲ್ಲದ ಭೋಗ್ಯದ ಮನೆ ಅಗ್ಗವೆಂದು ಕಾಣುತ್ತದೆ. ಆದರೆ ಆ ಮನೆಯ ಮೇಲೆ ಬ್ಯಾಂಕಿನ ಸಾಲವಿದ್ದರೆ ನಿಮ್ಮ ಲಕ್ಷಗಳು ಅಪಾಯಕ್ಕೆ ಸಿಲುಕುತ್ತವೆ. ಋಣಭಾರ ಪತ್ರ ನೋಡದೆ, ಕರಾರನ್ನು ನೋಂದಾಯಿಸದೆ ಅದಕ್ಕೆ ಕೈಹಾಕಬೇಡಿ.

ಮನೆಯ ನಂತರದ್ದು ಅಡುಗೆಮನೆ. ಮನೆ ಹಿಡಿದ ಮೊದಲ ಭಾನುವಾರವೇ ಒಲೆ ಹಚ್ಚಿ. ಊರಿನ ಗ್ಯಾಸ್ ಸಂಪರ್ಕ ವರ್ಗವಾಗುವವರೆಗೆ 5 ಕಿಲೋದ ಸಣ್ಣ ಸಿಲಿಂಡರ್ ಸಾಕು, ಅದಕ್ಕೆ ವಿಳಾಸದ ದಾಖಲೆ ಬೇಕಿಲ್ಲ. ಒಂದು ಕುಕ್ಕರ್, ಮುದ್ದೆಗೊಂದು ದಪ್ಪ ತಳದ ಪಾತ್ರೆ, ಮುದ್ದೆಕೋಲು, ಬಾಣಲೆ, ನಾಲ್ಕು ತಟ್ಟೆ, ಎರಡು ಚೆಂಬು ಇವಿಷ್ಟನ್ನು ಊರಿನಿಂದಲೇ ಒಯ್ಯಿರಿ. ಫ್ರಿಜ್ಜನ್ನು ಒಂದು ವರ್ಷ ಕೊಳ್ಳದೆ ನೋಡಿ; ಅಂದಂದಿನ ತರಕಾರಿಯನ್ನು ಅಂದಂದೇ ತರುವ ಮನೆಯಲ್ಲಿ ಅದರ ಅಗತ್ಯ ಅಷ್ಟಾಗಿ ಕಾಣುವುದಿಲ್ಲ.

ಊರಿನಿಂದ ಏನು ತರಬೇಕೆಂಬುದಕ್ಕೂ ಒಂದು ಕ್ರಮವಿದೆ. ಅಮ್ಮ ಅಕ್ಕರೆಯಿಂದ ಹದಿನೈದು ಕಿಲೋ ರಾಗಿ ಹಿಟ್ಟು ಕಟ್ಟಿಕೊಡುತ್ತಾರೆ, ಎರಡನೆಯ ತಿಂಗಳಿಗೆ ಅದು ಮುಗ್ಗಲು ಹಿಡಿದು ಕಹಿಯಾಗುತ್ತದೆ. ಹಿಟ್ಟು ಕೆಟ್ಟರೂ ಕಾಳು ಕೆಡದು. ಹಿಂದೆ ನಮ್ಮ ಹಿರಿಯರು ಹಗೇವಿನಲ್ಲಿ, ಅಂದರೆ ನೆಲದೊಳಗಿನ ಕಣಜದಲ್ಲಿ, ವರ್ಷಗಟ್ಟಲೆ ಇಡುತ್ತಿದ್ದದ್ದು ಇಡೀ ರಾಗಿಯನ್ನೇ. ಆದ್ದರಿಂದ ಕಲ್ಲು, ಹೊಟ್ಟು ತೆಗೆದು ಹಸನು ಮಾಡಿದ ರಾಗಿಯನ್ನು ಚೀಲದಲ್ಲಿ ತಂದಿಟ್ಟು, ಹತ್ತಿರದ ಗಿರಣಿಯಲ್ಲಿ ಮೂರು ಮೂರು ಕಿಲೋ ಬೀಸಿಸಿಕೊಳ್ಳಿ. ರಾತ್ರಿಗೊಂದು ಮುದ್ದೆಯಂತೆ ಇಬ್ಬರಿಗೆ ತಿಂಗಳಿಗೆ ಸುಮಾರು ಆರು ಕಿಲೋ ಹಿಟ್ಟು ಸಾಕಾಗುತ್ತದೆ. ಹುರುಳಿಕಾಳು, ಒಣಗಿದ ಅವರೆಕಾಳು, ಮನೆಯ ಸಾರಿನ ಪುಡಿ, ಹುಣಸೆಹಣ್ಣು, ಜುಟ್ಟು ಕೀಳದ ತೆಂಗಿನಕಾಯಿ ಇವನ್ನು ತರುವುದು ಲಾಭ. ಸೊಪ್ಪು ತರಕಾರಿಯನ್ನು ಹೊತ್ತು ತರುವುದು ವ್ಯರ್ಥ, ಅವು ಹಾಪ್‌ಕಾಮ್ಸ್ ಮಳಿಗೆಗಳಲ್ಲೂ ಬಡಾವಣೆಯ ವಾರದ ಸಂತೆಯಲ್ಲೂ ಸಿಗುತ್ತವೆ. ಒಂದು ಹಿಡಿ ಹುರುಳಿಕಾಳು, ಒಂದು ಕಟ್ಟು ದಂಟಿನ ಸೊಪ್ಪು ಬೇಯಿಸಿ ಬಸಿದರೆ ಆ ನೀರಿನಿಂದ ಸಾರು, ಕಾಳುಸೊಪ್ಪಿನಿಂದ ಪಲ್ಯ, ಎರಡು ಹೊತ್ತಿನ ಊಟ ಮುಗಿಯಿತು. ಬಸ್ಸಾರಿಗಿಂತ ಮಿತವಾದ, ರುಚಿಯಾದ ಅಡುಗೆಯನ್ನು ನಾನಂತೂ ಕಂಡಿಲ್ಲ.

ಅಡುಗೆ ಮಾಡಲಾಗದ ದಿನಕ್ಕೆ 2017ರಿಂದ ನಡೆಯುತ್ತಿರುವ ಇಂದಿರಾ ಕ್ಯಾಂಟೀನ್ ಇದೆ; ಅಲ್ಲಿ ಸಾಲಿನಲ್ಲಿ ನಿಂತು ಉಣ್ಣುವುದರಲ್ಲಿ ಯಾವ ಸಣ್ಣತನವೂ ಇಲ್ಲ. ಮನೆಯ ಪಡಿತರ ಚೀಟಿಯಲ್ಲಿ ನಿಮ್ಮ ಹೆಸರಿದ್ದರೆ, ಬೆಂಗಳೂರಿನ ನ್ಯಾಯಬೆಲೆ ಅಂಗಡಿಯಲ್ಲೂ ಅಕ್ಕಿ ಪಡೆಯಲು ಬರುತ್ತದೆ. ಹತ್ತು ನಿಮಿಷದಲ್ಲಿ ಸಾಮಾನು ತಂದುಕೊಡುವ ಆ್ಯಪ್‌ಗಳನ್ನು ಮಾತ್ರ ಮೊದಲ ಆರು ತಿಂಗಳು ಮೊಬೈಲಿಗೆ ಹಾಕಿಕೊಳ್ಳಬೇಡಿ. ಅಂಗಡಿಗೆ ನಡೆದು ಹೋಗುವಾಗ ಬೇಕೋ ಬೇಡವೋ ಎಂದು ಯೋಚಿಸಲು ಸಿಗುವ ಹೊತ್ತು ಅಲ್ಲಿ ಸಿಗುವುದಿಲ್ಲ.

ಬಟ್ಟೆಬರೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ, ಊರಿನಲ್ಲಿದ್ದಷ್ಟೇ ಸಾಕು. ಸ್ಕೂಟರನ್ನಾಗಲಿ ಮೊಬೈಲನ್ನಾಗಲಿ ಕಂತಿನ ಮೇಲೆ ಮೊದಲ ವರ್ಷ ಕೊಳ್ಳಬೇಡಿ. ಮೂರು ತಿಂಗಳ ಬಾಡಿಗೆ ಮತ್ತು ಊಟದ ಖರ್ಚು ಬ್ಯಾಂಕಿನಲ್ಲಿ ಬೇರೆಯಾಗಿ ಕೂಡಿದ ಮೇಲಷ್ಟೇ ಬೇರೆ ಆಸೆಗಳ ಮಾತು.

ಊರಿಗೆ ಹೋಗಿಬರುವ ಖರ್ಚನ್ನು ಮಾತ್ರ ಕಡಿತಗೊಳಿಸಬೇಡಿ. 2017ರಲ್ಲಿ ಶ್ರವಣಬೆಳಗೊಳ, ಕುಣಿಗಲ್ ಮಾರ್ಗವಾಗಿ ನೇರ ರೈಲು ಬಂದ ಮೇಲೆ ಯಶವಂತಪುರದಿಂದ ಹಾಸನಕ್ಕೆ ಬಸ್ಸಿಗಿಂತ ಕಡಿಮೆ ದರದಲ್ಲಿ ಹೋಗಬಹುದು. ಹೆಣ್ಣುಮಕ್ಕಳಿಗೆ 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ಸರ್ಕಾರದ ಸಾಮಾನ್ಯ ಬಸ್ಸುಗಳಲ್ಲಿ ಉಚಿತ ಪ್ರಯಾಣವಿದೆ. ರಾಜ್ಯದ ವಿಳಾಸವಿರುವ ಗುರುತಿನ ಚೀಟಿ ಕೈಯಲ್ಲಿರಬೇಕು, ರಾಜಹಂಸದಂಥ ಐಷಾರಾಮಿ ಬಸ್ಸುಗಳಿಗೆ ಅದು ಅನ್ವಯಿಸುವುದಿಲ್ಲ. ಹೊರಡುವ ಹಿಂದಿನ ರಾತ್ರಿ ಸಾರಿನ ಪುಡಿಯ ಡಬ್ಬಿ, ಉಪ್ಪಿನಕಾಯಿಯ ಜಾಡಿ, ರಾಗಿಯ ಚೀಲ ಇವೆಲ್ಲವನ್ನೂ ತೊಳೆದು ಒಣಗಿಸಿ ಬ್ಯಾಗಿಗೆ ಹಾಕಿಕೊಳ್ಳಿ. ಖಾಲಿ ಡಬ್ಬಿ ಊರಿಗೆ ಹೋದರೆ ತಾನೇ ಮುಂದಿನ ತಿಂಗಳಿಗೆ ಅಮ್ಮ ಅದನ್ನು ತುಂಬಿಸಿ ಕೊಡುವುದು.