ಈಳಿಗೆಮಣೆಯ ಪಡಿಯಚ್ಚು

ಅಮ್ಮ ತೀರಿಕೊಂಡ ಮೇಲೆ ಅವರ ಅಡುಗೆಮನೆಯನ್ನೇ ವಸ್ತುವಾಗಿಟ್ಟುಕೊಂಡು ಒಂದು ಚಿತ್ರಮಾಲಿಕೆ ಮಾಡಲು ಹೊರಟಾಗ, ಪಾತ್ರೆಪಡಗಗಳನ್ನೇ ತಂದು ಗ್ಯಾಲರಿಯಲ್ಲಿ ಇಡಬಾರದೆಂದು ಮೊದಲೇ ನಿಶ್ಚಯಿಸಿದ್ದೆ. ಚೀನಾದ ಕಲಾವಿದ ಸಾಂಗ್ ಡಾಂಗ್ 2005ರಲ್ಲಿ ಬೀಜಿಂಗ್‌ನಲ್ಲಿ, ತಮ್ಮ ತಾಯಿ ದಶಕಗಳ ಕಾಲ ಎಸೆಯದೆ ಕೂಡಿಟ್ಟಿದ್ದ 10,000ಕ್ಕೂ ಹೆಚ್ಚು ಸಾಮಾನುಗಳನ್ನು ಹಾಗೆಯೇ ಹರವಿಟ್ಟರು. ಗಂಡನನ್ನು ಕಳೆದುಕೊಂಡಿದ್ದ ಆ ತಾಯಿಯೇ ನಿಂತು ಅವನ್ನು ಜೋಡಿಸಿದ್ದರಿಂದಲೇ ಆ ಕೃತಿಗೆ ಅಷ್ಟು ತೂಕ ಬಂದಿತೆಂದು ನಾನು ನಂಬಿದ್ದೇನೆ. ನನ್ನ ಅಮ್ಮನ ಪಾತ್ರೆಗಳಾದರೋ ಅಕ್ಕನ ಮನೆಯಲ್ಲಿ ಇಂದಿಗೂ ದಿನಬಳಕೆಯಲ್ಲಿವೆ. ಅವನ್ನು ಕಿತ್ತು ತಂದು ಗಾಜಿನ ಪೆಟ್ಟಿಗೆಯೊಳಗೆ ಕೂರಿಸಲು ಮನಸ್ಸು ಒಪ್ಪಲಿಲ್ಲ.

ಹಾಗಾಗಿ ಶಾಸನತಜ್ಞರ ಪಡಿಯಚ್ಚಿನ ವಿಧಾನವನ್ನು ಹಿಡಿದೆ. ತೊಳೆದ ಕಲ್ಲಿನ ಮೇಲೆ ಒದ್ದೆ ಕಾಗದವನ್ನು ಹೊದಿಸಿ, ಬ್ರಷ್ಷಿನಿಂದ ಬಡಿದು ಅಕ್ಷರಗಳ ಕುಳಿಗೆ ಇಳಿಸಿ, ಮೇಲೆ ಮಸಿ ತಟ್ಟಿದರೆ ಕಲ್ಲಿನ ಮೈ ಕಪ್ಪಾಗಿಯೂ ಕೊರೆದ ಅಕ್ಷರ ಬಿಳಿಯಾಗಿಯೂ ಮೂಡುತ್ತದೆ. ಅಜ್ಜಿಯ ತವರಿನಿಂದ ಬಂದ ಹಿತ್ತಾಳೆ ಕೊಡದ ಕಂಠದಲ್ಲಿ ಚುಕ್ಕಿಚುಕ್ಕಿಯಾಗಿ ಹೊಡೆಸಿದ ಹೆಸರಿಗೆ ಇದು ಚೆನ್ನಾಗಿ ಒಗ್ಗಿತು. ಕಂಠ ದುಂಡಗಿರುವುದರಿಂದ ಕಾಗದ ಸುಕ್ಕುಗಟ್ಟದಂತೆ ಪಟ್ಟಿಪಟ್ಟಿಯಾಗಿ ಕತ್ತರಿಸಿ ಅಂಟಿಸಬೇಕು. ತೇವ ಅರ್ಧ ಆರಿದ ಮೇಲಷ್ಟೇ ಮಸಿ ತಟ್ಟಬೇಕು, ಇಲ್ಲದಿದ್ದರೆ ಅದು ಚುಕ್ಕಿಗಳೊಳಗೆ ಹರಡುತ್ತದೆ. ಕೊಡವನ್ನು ಹುಣಸೆಹಣ್ಣಿನಿಂದ ಬೆಳಗದೆ, ಒಣಬಟ್ಟೆಯಿಂದ ಒರೆಸಿದೆ, ಅಷ್ಟೆ.

ಈಳಿಗೆಮಣೆಯದು ಬೇರೆಯೇ ವಿಷಯ. ನೀರು ತಾಗಿದರೆ ಮರದ ಎಳೆ ಉಬ್ಬುತ್ತದೆ, ಆದ್ದರಿಂದ ತೆಳುವಾದ ಒಣಕಾಗದವನ್ನು ಬಿಗಿಯಾಗಿ ಹಾಸಿ ಗ್ರಾಫೈಟ್ ಕಡ್ಡಿಯನ್ನು ಅಡ್ಡಲಾಗಿ ಉಜ್ಜಿದೆ; ಜರ್ಮನ್ ಮೂಲದ ಕಲಾವಿದ ಮ್ಯಾಕ್ಸ್ ಅರ್ನ್‌ಸ್ಟ್ 1925ರಲ್ಲಿ ಮರದ ನೆಲಹಲಗೆಗಳ ಮೇಲೆ ಮಾಡಿದ್ದೂ ಇದೇ ಬಗೆಯ ಕೆಲಸ. ಮಣೆಯ ಅಂಚಿನ ಎಳೆಗಳು ಒಂದೊಂದೂ ಸ್ಪಷ್ಟವಾಗಿ ಮೂಡಿದವು. ಆದರೆ ಅಮ್ಮ ಕಾಲೂರಿ ಕೂರುತ್ತಿದ್ದ ಕಡೆ ಮರ ಸವೆದು ತಗ್ಗಾಗಿದ್ದರಿಂದ ಕಡ್ಡಿ ಅಲ್ಲಿಗೆ ಮುಟ್ಟಲೇ ಇಲ್ಲ, ಹೆಜ್ಜೆಯಷ್ಟೇ ಜಾಗ ಬಿಳಿಯಾಗಿ ಉಳಿಯಿತು. ಅಮ್ಮನ ಯಾವ ಫೋಟೋದಲ್ಲಿಯೂ ಅವರ ಮೈಭಾರ ನನಗೆ ಹೀಗೆ ಕಂಡಿರಲಿಲ್ಲ.

ಹಾಗಾಗಿ ಸವೆತವನ್ನು ನಾನು ತಿದ್ದುವುದಿಲ್ಲ. ಬೂದಿ ಹಾಕಿ ತಿಕ್ಕಿ ತಿಕ್ಕಿ ಅಜ್ಜಿಯ ಹೆಸರಿನ ಕೊನೆಯ ಅಕ್ಷರಗಳು ಅಳಿಸಿಹೋಗಿವೆ. ಪೆನ್ಸಿಲ್ಲಿನಿಂದ ತುಂಬಿಸಬಹುದಲ್ಲ ಎಂದು ನೋಡಿದವರು ಕೇಳುತ್ತಾರೆ. ತಿಕ್ಕಿದ ಕೈಗಳೂ ನಮ್ಮ ಮನೆಯವೇ ಆದ್ದರಿಂದ ಅವುಗಳ ಗುರುತನ್ನು ಮುಚ್ಚಲು ನಾನು ಸಿದ್ಧಳಿಲ್ಲ. ಅಚ್ಚುಗಳನ್ನು ವಸ್ತುವಿನ ಅಳತೆಯಲ್ಲೇ, ಚೌಕಟ್ಟಿಲ್ಲದೆ ತೂಗುಹಾಕುತ್ತೇನೆ. ಕೊಡ, ಮಣೆ ಎರಡೂ ಅಕ್ಕನ ಮನೆಗೆ ಮರಳಿವೆ.