ಮೊದಲು ರೊಕ್ಕದ ಮಾತು ಕೇಳಿ

ಲಿಂಗತ್ವ, ಕುಟುಂಬ, ಬಡತನದ ಬಗ್ಗೆ ಕ್ಷೇತ್ರಕಾರ್ಯಕ್ಕೆ ಹೊರಡುವ ವಿದ್ಯಾರ್ಥಿಗಳು ನನಗೆ ಪ್ರಶ್ನಾವಳಿ ತೋರಿಸುತ್ತಾರೆ. ಮೊದಲ ಪುಟದಲ್ಲೇ ‘ನಿಮ್ಮ ಲಿಂಗತ್ವ ಯಾವುದು?’ ಎಂದಿರುತ್ತದೆ. ಅದನ್ನು ಹಿಂದಕ್ಕೆ ಹಾಕಿ, ದುಡಿಮೆಯಿಂದ ಶುರುಮಾಡಿ.

ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಹೆಂಗಸರಿಗೆ ಕೂಲಿ ಕಿಲೋ ಲೆಕ್ಕದಲ್ಲಿ. ನಿಮ್ಮ ಪ್ರಶ್ನೆಗೆ ಅವರು ಕೈ ನಿಲ್ಲಿಸಿದರೆ ಅಷ್ಟು ಕೂಲಿ ಹೋಯಿತು. ಹಾಗಾಗಿ ಪಕ್ಕದಲ್ಲಿ ಕುಳಿತು ನೀವೂ ತೊಟ್ಟು ಬಿಡಿಸುತ್ತಾ ಕೇಳಿ. ಬೆರಳು ಉರಿಯುತ್ತದೆ, ಕಣ್ಣು ಮುಟ್ಟಿಕೊಳ್ಳಬೇಡಿ. ಅಲ್ಲಿ ಕೂಲಿ, ಸಾಲ, ಸಂಘದ ಕಂತಿನ ಮಾತು ಸಾಕು. ಪಕ್ಕದಲ್ಲೇ ಅತ್ತೆ ಕುಳಿತಿರುವಾಗ ಯಾವ ಸೊಸೆಯೂ ಗಂಡನ ಬಗ್ಗೆ ಬಾಯಿ ಬಿಡುವುದಿಲ್ಲ. ಉಳಿದದ್ದಕ್ಕೆ ಜಾಗ, ಹೊತ್ತು ಅವರೇ ಹೇಳಲಿ.

‘ಮನೆಯಲ್ಲಿ ಹಿರಿಯರು ಯಾರು?’ ಎಂದರೆ ಗಂಡನ ಅಥವಾ ಮಾವನ ಹೆಸರು ಬರುತ್ತದೆ. ಬದಲಿಗೆ ಗೃಹಲಕ್ಷ್ಮಿಯ 2,000 ರೂಪಾಯಿ ಯಾರ ಖಾತೆಗೆ ಬೀಳುತ್ತದೆ, ಎಟಿಎಂ ಕಾರ್ಡ್ ಯಾರ ಕೈಯಲ್ಲಿದೆ ಎಂದು ಕೇಳಿ. 2023ರಲ್ಲಿ ಬಂದ ಈ ಯೋಜನೆಯ ಹಣ ಪಡಿತರ ಚೀಟಿಯಲ್ಲಿ ಯಜಮಾನಿ ಎಂದಿರುವವರ ಹೆಸರಿಗೆ. ಒಲೆ ಎರಡಾಗಿ ಚೀಟಿ ಒಂದೇ ಉಳಿದ ಮನೆಯಲ್ಲಿ ಈ ಪ್ರಶ್ನೆಯಿಂದಲೇ ಒಂದು ಸಂಜೆಯ ಮಾತು ಹೊರಡುತ್ತದೆ.

ಹುಬ್ಬಳ್ಳಿಯಲ್ಲಿ ಟ್ರಾನ್ಸ್‌ಜೆಂಡರ್ ಮೊದಲಾದ ಲಿಂಗತ್ವ ಅಲ್ಪಸಂಖ್ಯಾತರ ಜೊತೆ ಕುಳಿತಾಗಲೂ ಇದೇ ದಾರಿ ಹಿಡಿಯಿರಿ. ಒಬ್ಬರು ತಮ್ಮ ಮೊಬೈಲ್ ತೆರೆದು ನನಗೆ ತೋರಿಸಿದರು: ಪ್ರತಿ ತಿಂಗಳ ಆರಂಭದಲ್ಲಿ ‘ಅವ್ವ’ ಎಂಬ ಹೆಸರಿಗೆ ಹಣ ಹೋಗಿದೆ, ಜೂನ್‌ನಲ್ಲಿ ತಮ್ಮನ ಕಾಲೇಜು ಶುಲ್ಕಕ್ಕೆ ಇನ್ನಷ್ಟು. ಅದೇ ಮನೆಯಲ್ಲಿ ರಾತ್ರಿ ತಂಗಲು ಅವರಿಗೆ ಅನುಮತಿಯಿಲ್ಲ. ತಂಗಿಯ ಮದುವೆಗೆ ಕರೆಯಲಿಲ್ಲ. ‘ಕುಟುಂಬದೊಂದಿಗೆ ಸಂಬಂಧವಿದೆಯೇ, ಹೌದು ಅಥವಾ ಇಲ್ಲ’ ಎಂಬ ಚೌಕದಲ್ಲಿ ಇದನ್ನು ಎಲ್ಲಿ ಗುರುತು ಮಾಡುತ್ತೀರಿ? ಯಾರು ಕಳಿಸುತ್ತಾರೆ, ಯಾರು ಪಡೆಯುತ್ತಾರೆ, ಕಾಯಿಲೆ ಬಿದ್ದರೆ ಆಸ್ಪತ್ರೆಗೆ ಯಾರು ಬರುತ್ತಾರೆ ಎಂದು ಬಿಡಿಬಿಡಿಯಾಗಿ ಕೇಳಿ. ಸಮುದಾಯದೊಳಗೆ ತಮ್ಮನ್ನು ಶಿಷ್ಯರಾಗಿ ಸೇರಿಸಿಕೊಂಡ ಗುರುವಿನ ಮನೆಗೆ ಕೊಡುವ ಪಾಲನ್ನೂ ಬರೆದುಕೊಳ್ಳಿ, ಅದೂ ಕುಟುಂಬವೇ.

ಒಪ್ಪಿಗೆ ಪತ್ರಕ್ಕೆ ಸಹಿಗಾಗಿ ಒತ್ತಾಯ ಬೇಡ, ಕಾಗದದಲ್ಲಿ ಉಳಿದ ಹೆಸರೇ ಅವರಿಗೆ ಅಪಾಯವಾಗಬಹುದು. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್, ವಯಸ್ಕರ ಸಮ್ಮತಿಯ ಸಲಿಂಗ ಸಂಬಂಧ ಅಪರಾಧವಲ್ಲ ಎಂದಿತು. ಬಾಡಿಗೆ ಮನೆ ಖಾಲಿ ಮಾಡಿಸುವವರಿಗೆ ಆ ತೀರ್ಪು ಅಡ್ಡ ಬಂದಿಲ್ಲ. ಬಾಯಿಮಾತಿನ ಒಪ್ಪಿಗೆ ಪಡೆಯಲು ವಿಶ್ವವಿದ್ಯಾಲಯದಿಂದ ಮೊದಲೇ ಅನುಮತಿ ಪಡೆಯಿರಿ.

ಹೆಸರು ಬದಲಿಸಿದರೆ ಸಾಲದು. ಸಣ್ಣ ಊರಿನಲ್ಲಿ ಕಸುಬು, ಓಣಿ, ಮಕ್ಕಳ ಸಂಖ್ಯೆ ಸೇರಿದರೆ ಆಳು ಸಿಕ್ಕಿಬಿಡುತ್ತಾರೆ. ಓಣಿ ಬಿಡಿ, ಕಸುಬು ಬದಲಿಸಿ. ಬರೆದದ್ದನ್ನು ಅವರಿಗೆ ಓದಿ ಹೇಳಿ, ಬೇಡವೆಂದ ಸಾಲು ತೆಗೆಯಿರಿ. ಮಾತಿಗೆ ಕೊಟ್ಟ ಹೊತ್ತಿನ ಕೂಲಿಯನ್ನು ಅದೇ ದಿನ ಕೈಗೆ ಕೊಡಿ.